ಬೆಕ್ಕಿನ ಮೈಯ ಬೋಳು ಜಾಗ: ಕಡಿಮೆ ಖರ್ಚಿನಲ್ಲಿ ಕಾರಣ ಹುಡುಕುವ ಕ್ರಮ

ಸಾಕಿದ ಬೆಕ್ಕಿನ ಹೊಟ್ಟೆ, ತೊಡೆ ಅಥವಾ ಸೊಂಟದ ಮೇಲೆ ಕೂದಲು ಹೋಗಿ, ಕಾರಣ ಮಾತ್ರ ಸಿಗದಿದ್ದರೆ 'ಅದರ ಮನಸ್ಸಿಗೇ ಏನೋ ಆಗಿದೆ' ಎಂದುಬಿಡುವುದು ವಾಡಿಕೆ. ಈ ಮಾತಿಗಿರುವ ಆಧಾರ ತೆಳು. ಮಾನಸಿಕ ಕಾರಣವೆಂದು ಶಂಕಿಸಿದ್ದ 21 ಬೆಕ್ಕುಗಳನ್ನು ಪಶುವೈದ್ಯ ವೈಸ್‌ಗ್ಲಾಸ್ ಮತ್ತು ಸಂಗಡಿಗರು ಕೂಲಂಕಷವಾಗಿ ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. 16ರಲ್ಲಿ ಸಿಕ್ಕಿದ್ದು ದೈಹಿಕ ಕಾರಣ, ಅದರಲ್ಲೂ ಅಲರ್ಜಿಯೇ ಹೆಚ್ಚು. 3ರಲ್ಲಿ ಎರಡೂ ಸೇರಿದ್ದವು. ಬರೀ ಮಾನಸಿಕ ಎನ್ನಬಹುದಾದವು ಎರಡೇ. ಮಾದರಿ ಚಿಕ್ಕದು, ಆದರೂ ಹುಡುಕಾಟವನ್ನು ಎಲ್ಲಿಂದ ಶುರುಮಾಡಬೇಕೆಂದು ಹೇಳಲು ಇಷ್ಟು ಸಾಕು.

ಕೂದಲು ತಾನಾಗಿ ಉದುರಿತೇ, ಬೆಕ್ಕೇ ನೆಕ್ಕಿ ತೆಗೆಯಿತೇ? ಮೊದಲು ತಿಳಿಯಬೇಕಾದದ್ದು ಇದು. ಮನೆಯವರ ಕಣ್ಣು ತಪ್ಪಿಸಿ ನೆಕ್ಕಿಕೊಳ್ಳುವ ಬೆಕ್ಕುಗಳಿರುವುದರಿಂದ 'ನಾವು ನೋಡಿಲ್ಲ' ಎಂಬುದು ಸಾಕ್ಷಿಯಾಗದು. ಬೋಳಿನ ಅಂಚಿನಿಂದ ಕಿತ್ತ ನಾಲ್ಕು ಕೂದಲನ್ನು ವೈದ್ಯರು ಸೂಕ್ಷ್ಮದರ್ಶಕದಡಿ ಇಟ್ಟರೆ ಉತ್ತರ ಅಲ್ಲೇ ಸಿಗುತ್ತದೆ: ನೆಕ್ಕಿದ ಕೂದಲ ತುದಿ ಮುರಿದು ಮೊಂಡಾಗಿರುತ್ತದೆ, ತಾನಾಗಿ ಉದುರುವುದರ ತುದಿ ಚೂಪಾಗಿಯೇ ಇರುತ್ತದೆ. ರಕ್ತಪರೀಕ್ಷೆಗಿಂತ ಮೊದಲು ಇದನ್ನೂ ಚರ್ಮ ಕೆರೆದು ನೋಡುವ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳುವುದು ಜಾಣತನ. (ಕಣ್ಣಿಗೂ ಕಿವಿಗೂ ನಡುವೆ ಕೂದಲು ತೆಳುವಾಗಿರುವುದು ಬೆಕ್ಕಿಗೆ ಸಹಜ, ಅದಕ್ಕೆ ಒಂದು ರೂಪಾಯಿಯೂ ಬೇಡ.)

ಚಿಗಟದ ಪತ್ತೆ ಮನೆಯಲ್ಲೇ ಆಗುತ್ತದೆ. ಸೊಂಟದಿಂದ ಬಾಲದ ಬುಡದವರೆಗೆ ಸೀರಣಿಗೆಯಿಂದ ಬಾಚಿ, ಬಿದ್ದ ಕಪ್ಪು ಕಣಗಳನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಉದುರಿಸಬೇಕು. ಸುತ್ತ ಕಂದುಗೆಂಪು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಬೆಕ್ಕಿನದೇ ರಕ್ತ. ಏನೂ ಬೀಳದಿದ್ದರೆ ಚಿಗಟವಿಲ್ಲ ಎನ್ನುವಂತಿಲ್ಲ. ನೆಕ್ಕುವಾಗ ಬೆಕ್ಕು ಅವನ್ನು ನುಂಗಿರಬಹುದು. ಅಲರ್ಜಿಯಿದ್ದ ಬೆಕ್ಕಿಗೆ ಕೆಲವೇ ಕಡಿತಗಳೂ ಸಾಕು.

ಹೊಟ್ಟು ಕಟ್ಟಿದ ಗುಂಡನೆಯ ಬೋಳು, ಜೊತೆಗೆ ಮನೆಯವರ ಮೈಮೇಲೂ ತುರಿಸುವ ಉಂಗುರ ಕಂಡರೆ ಹುಳುಕಡ್ಡಿಯ (ಶಿಲೀಂಧ್ರ ಸೋಂಕಿನ) ಶಂಕೆ ಬಲವಾಗುತ್ತದೆ. ಇಲ್ಲಿ ಉಳಿತಾಯದ ನೆಪದಲ್ಲಿ ತಡಮಾಡಬಾರದು. ಮೆಡಿಕಲ್ ಶಾಪಿನಿಂದ ತಂದ ಸ್ಟಿರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ತಗ್ಗಿಸಿ ಶಿಲೀಂಧ್ರವನ್ನು ಬೆಳೆಸುತ್ತದೆ. ಹಚ್ಚಿದ್ದನ್ನು ಬೆಕ್ಕು ನೆಕ್ಕುವುದು ಬೇರೆ.

ಮನೆಯಲ್ಲಿ ನಾಯಿಯೂ ಇದ್ದರೆ, ಅದಕ್ಕೆ ತಂದ ಚಿಗಟದ ಔಷಧಿಯನ್ನು ಬೆಕ್ಕಿಗೆ ಹಾಕಬೇಡಿ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ನಡುಕ, ಸೆಳವು ಬಂದು ಜೀವವೇ ಹೋಗಬಹುದು.