ಹಳೆಯ ಗ್ರಾಮಫೋನ್‌ಗಳ ಸಂಗ್ರಹ ಮತ್ತು ದುರಸ್ತಿ

ಹಳೆಯ ಗ್ರಾಮಫೋನ್‌ಗಳ ಸಂಗ್ರಹ ಮತ್ತು ದುರಸ್ತಿ ಎಂದರೆ ಕೀಲಿ ಕೊಟ್ಟು ನಡೆಸುವ ಧ್ವನಿಯಂತ್ರಗಳನ್ನೂ ಅವುಗಳಲ್ಲಿ ನುಡಿಸುವ ಅರಗಿನ ತಟ್ಟೆಗಳನ್ನೂ ಕಲೆಹಾಕಿ, ಮೂಲರೂಪ ಕೆಡದಂತೆ ಮತ್ತೆ ಬಳಕೆಗೆ ತರುವ ಕಾರ್ಯ.

ಹಿನ್ನೆಲೆ

ಥಾಮಸ್ ಎಡಿಸನ್ 1877ರಲ್ಲಿ ರೂಪಿಸಿದ ಫೋನೋಗ್ರಾಫ್ ಧ್ವನಿಯನ್ನು ಉರುಳೆಯ ಮೇಲೆ ದಾಖಲಿಸುತ್ತಿತ್ತು. ಎಮಿಲ್ ಬರ್ಲಿನರ್ 1887ರಲ್ಲಿ ಪೇಟೆಂಟ್ ಪಡೆದ ಗ್ರಾಮಫೋನ್ ಮುಂದೆ ಚಪ್ಪಟೆ ತಟ್ಟೆಯನ್ನು ಬಳಕೆಗೆ ತಂದಿತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಲಾಯಿತು. ಅದೇ ವರ್ಷ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಆದರೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸುತ್ತಲಿನ ಹಳ್ಳಿಗಳಿಗೆ ವಿದ್ಯುತ್ ಬರಲು ದಶಕಗಳೇ ಹಿಡಿದವು. ಸ್ಪ್ರಿಂಗ್‌ನಿಂದ ನಡೆಯುವ ಗ್ರಾಮಫೋನನ್ನು ವಿದ್ಯುತ್ತಿಲ್ಲದ ಇಂತಹ ಊರುಗಳಲ್ಲಿಯೂ ಬಳಸಬಹುದಾಗಿತ್ತು.

ರಚನೆ

ಕೀಲಿ ತಿರುಗಿಸಿದಾಗ ಪೆಟ್ಟಿಗೆಯೊಳಗಿನ ಸ್ಪ್ರಿಂಗ್ ಬಿಗಿಯಾಗುತ್ತದೆ. ಅದು ಬಿಚ್ಚಿಕೊಳ್ಳುವ ವೇಗವನ್ನು ಗವರ್ನರ್ ನಿಯಂತ್ರಿಸಿ, ತಟ್ಟೆಯು ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುವಂತೆ ಮಾಡುತ್ತದೆ. ಸೂಜಿಯ ಕಂಪನವು ಧ್ವನಿಪೆಟ್ಟಿಗೆಯಲ್ಲಿರುವ ಅಭ್ರಕದ ಅಥವಾ ಲೋಹದ ತೆಳುಹಾಳೆಗೆ ತಲುಪಿ, ಕಹಳೆಯ ಮೂಲಕ ಹೊರಹೊಮ್ಮುತ್ತದೆ. 10 ಅಂಗುಲದ ತಟ್ಟೆಯ ಒಂದು ಬದಿ ಸುಮಾರು 3 ನಿಮಿಷ ನುಡಿಯುತ್ತದೆ.

ದುರಸ್ತಿ

ಗಟ್ಟಿಯಾದ ಹಳೆಯ ಗ್ರೀಸ್, ಬಿರುಸಾದ ರಬ್ಬರ್ ಮತ್ತು ತುಂಡಾದ ಸ್ಪ್ರಿಂಗ್ ಸಾಮಾನ್ಯ ದೋಷಗಳು. ಬಿಗಿಯಾಗಿರುವ ಸ್ಪ್ರಿಂಗನ್ನು ಪೂರ್ಣವಾಗಿ ಸಡಿಲಿಸದೆ ಅದರ ಡಬ್ಬಿಯನ್ನು ತೆರೆದರೆ ತೀವ್ರ ಗಾಯವಾಗಬಹುದು. ಮದ್ಯಸಾರವು ಅರಗನ್ನು ಕರಗಿಸುವುದರಿಂದ ಅದರಿಂದ ತಟ್ಟೆಗಳನ್ನು ಒರೆಸಬಾರದು. ಉಕ್ಕಿನ ಸೂಜಿ ಬೇಗ ಸವೆದು ತಟ್ಟೆಯ ಗೆರೆಗಳನ್ನು ಕೆಡಿಸುತ್ತದೆ. ಆದ್ದರಿಂದ ಪ್ರತಿ ಬದಿಗೂ ಹೊಸ ಸೂಜಿ ಹಾಕಬೇಕು. ಅನಂತರದ ವಿನೈಲ್ ತಟ್ಟೆಗಳನ್ನು ಈ ಯಂತ್ರದಲ್ಲಿ ನುಡಿಸಿದರೆ ಅವು ಹಾಳಾಗುತ್ತವೆ.

ನಕಲಿ ಯಂತ್ರಗಳು

ಹೊಸ ಮರದ ಪೆಟ್ಟಿಗೆ, ತೆಳುವಾದ ಹಿತ್ತಾಳೆಯ ಕಹಳೆ ಹಾಗೂ ಬೇರೆ ಬೇರೆ ಯಂತ್ರಗಳ ಬಿಡಿಭಾಗಗಳನ್ನು ಜೋಡಿಸಿ, ಹೆಸರಾಂತ ಕಂಪನಿಯ ಲಾಂಛನ ಅಂಟಿಸಿ ಪುರಾತನ ವಸ್ತುವೆಂದು ಮಾರುವುದುಂಟು. ಇದಕ್ಕಾಗಿ ಮೂಲ ಯಂತ್ರಗಳನ್ನು ಬಿಚ್ಚುವುದರಿಂದ ಉಳಿದಿರುವವುಗಳ ಸಂಖ್ಯೆಯೂ ಕುಗ್ಗುತ್ತದೆ. ಹಳೆಯ ಮೆರುಗನ್ನು ಕೆರೆದು ಹೊಸ ಬಣ್ಣ ಬಳಿದರೂ ಯಂತ್ರದ ಕಾಲವನ್ನು ಗುರುತಿಸುವ ಕುರುಹುಗಳು ಅಳಿಯುತ್ತವೆ.

ಮಹತ್ವ

ಅನೇಕ ಗಾಯಕರ ಧ್ವನಿ ಇಂದಿಗೆ ಉಳಿದಿರುವುದು ಈ ತಟ್ಟೆಗಳಲ್ಲಿ ಮಾತ್ರ. ಗೌಹರ್ ಜಾನ್ ತಮ್ಮ ಕೊನೆಯ ದಿನಗಳಲ್ಲಿ ಮೈಸೂರು ಆಸ್ಥಾನದ ಆಶ್ರಯದಲ್ಲಿದ್ದು, 1930ರ ಜನವರಿ 17ರಂದು ಮೈಸೂರಿನಲ್ಲಿ ನಿಧನರಾದರು. ಅವರ ಜೀವನಚರಿತ್ರೆ ಬರೆದ ವಿಕ್ರಮ್ ಸಂಪತ್ ಸ್ಥಾಪಿಸಿದ ಬೆಂಗಳೂರಿನ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೆಯ ತಟ್ಟೆಗಳ ಧ್ವನಿಯನ್ನು ಡಿಜಿಟಲ್ ರೂಪಕ್ಕೆ ಪರಿವರ್ತಿಸಿ ಅಂತರಜಾಲದಲ್ಲಿ ಒದಗಿಸಿದೆ. ಒಡೆದ ಅಥವಾ ಗೆರೆ ಸವೆದ ತಟ್ಟೆಗೆ ಬೇರೆ ಪ್ರತಿಯಿಲ್ಲದಿದ್ದರೆ ಆ ಧ್ವನಿಯನ್ನು ಮರಳಿ ಪಡೆಯುವುದು ಕಷ್ಟಸಾಧ್ಯ.