ಟೇಪಿನಿಂದ ಎರಡು ಪದದವರೆಗೆ

ನಮ್ಮ ನಿಮ್ಮ ಫೋನಿನ ಆ್ಯಪ್ ಫೋನಿನಲ್ಲೇ ಹುಟ್ಟಿದ್ದಲ್ಲ. ಬೇರೆ ಕಂಪ್ಯೂಟರಿನಲ್ಲಿ ಬರೆದು, ಫೋನಿನಲ್ಲಿ ಓಡುವ ರೂಪಕ್ಕೆ ಅಲ್ಲೇ ತಿರುಗಿಸಿದ್ದು. ಇದೇ ಕ್ರಾಸ್ ಕಂಪೈಲಿಂಗ್.

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಯುನಿಕ್ಸ್ ಬರೆಯತೊಡಗಿದಾಗಲೂ ಹೀಗೇ: ದೊಡ್ಡ ಜಿಇ ಯಂತ್ರದಲ್ಲಿ ತಯಾರಿ, ತೂತು ಹೊಡೆದ ಕಾಗದದ ಟೇಪನ್ನು ಸಣ್ಣ ಪಿಡಿಪಿ-7ಕ್ಕೆ ಹೊತ್ತೊಯ್ದು ಪರೀಕ್ಷೆ. ತಪ್ಪಿದ್ದರೆ ಮತ್ತೊಂದು ಟೇಪು. (ಆಗ ಕಂಪೈಲರ್ ಅಲ್ಲ, ಅಸೆಂಬ್ಲರ್, ಉಪಾಯ ಅದೇ.)

ಅದೇ ಥಾಂಪ್ಸನ್ ಮುಂದೆ ಗೂಗಲ್‌ನಲ್ಲಿ ಇಬ್ಬರ ಜತೆಗೂಡಿ ಗೋ ಭಾಷೆ ಕಟ್ಟಿದರು. ಅದರಲ್ಲೂ ಮೊದಲಿಗೆ ಪ್ರತಿ ಬೇರೆ ಯಂತ್ರಕ್ಕೂ ಸಲಕರಣೆಯನ್ನು ಹೊಸದಾಗಿ ಕಟ್ಟಿಕೊಳ್ಳಬೇಕಿತ್ತು. 2015ರ ಆಗಸ್ಟಿನ ಗೋ 1.5ರಲ್ಲಿ ಕಂಪೈಲರನ್ನೇ ಸಿ ಭಾಷೆಯಿಂದ ಗೋಗೆ ಬದಲಿಸಿದರು. ಆಮೇಲೆ ಯಾವ ಸಿಸ್ಟಮ್, ಯಾವ ಚಿಪ್ ಎಂದು ಎರಡು ಪದ ಹೇಳಿದರೆ ಸಾಕು. ಒಂದೇ ಲ್ಯಾಪ್‌ಟಾಪ್ ಇದ್ದವರೂ ತಮ್ಮ ಬಳಿಯಿಲ್ಲದ ಯಂತ್ರಕ್ಕೆ ಪ್ರೋಗ್ರಾಂ ಮಾಡಬಹುದು. ಸಿ ಕೋಡ್ ಬೆರೆತಿದ್ದರೆ ಮಾತ್ರ ಪರದಾಟ ಈಗಲೂ ತಪ್ಪಿಲ್ಲ.