ಬಿದಿರಿಗೆ ದಾರಿ, ಮನುಷ್ಯರಿಗೆ ದಾಖಲೆ: ದಾಂಡೇಲಿಯನ್ನು ಓದುವ ಬಗೆ

ದಾಂಡೇಲಿಯ ಚರಿತ್ರೆ ಅಂದ್ರೆ ಕಾಗದ ಕಾರ್ಖಾನೆಯ ಚರಿತ್ರೆ ಎಂಬಂತೆ ನಾವು ಓದಿಕೊಂಡು ಬಂದಿದ್ದೇವೆ. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾಯಿತು, 1959ರಲ್ಲಿ ಉತ್ಪಾದನೆ ಶುರುವಾಯಿತು, ದಟ್ಟ ಕಾಡಿನ ನಡುವೆ ಕಾಳಿ ನದಿಯ ದಂಡೆಗೆ ಒಂದು ಪೇಟೆ ಎದ್ದು ನಿಂತಿತು. ಈ ಕಥನದಲ್ಲಿ ಬಂಡವಾಳ ಹೂಡಿದವನು ಕರ್ತೃ, ಪ್ರಭುತ್ವ ಅವನ ಬೆನ್ನಿಗೆ ನಿಂತ ಬಂಧು, ಕಾಡು ಕಚ್ಚಾ ಮಾಲು. ಕುಣಬಿಗಳು, ಸಿದ್ದಿಗಳು, ಗೌಳಿಗಳು, ಬುಟ್ಟಿ ಹೆಣೆಯುವ ಮೇದಾರರು, ಕೂಲಿ ಹುಡುಕಿಕೊಂಡು ಬಂದ ದಲಿತರು ಇದರಲ್ಲಿ ಎಲ್ಲಿದ್ದಾರೆ? ಕಾದಂಬರಿಯೊಂದನ್ನು ಕೈಗೆತ್ತಿಕೊಂಡಾಗ ಇಲ್ಲಿ ಮಾತಾಡುವವರು ಯಾರು, ಬಾಯಿ ಕಟ್ಟಿಸಿಕೊಂಡವರು ಯಾರು ಅಂತ ಕೇಳುವ ದಲಿತ ವಿಮರ್ಶೆ, ರೈಲು ಹಳಿಯನ್ನೂ ಅಣೆಕಟ್ಟನ್ನೂ ಹಾಗೆಯೇ ಓದಬೇಕು. ಯೋಜನೆಯ ನಕ್ಷೆಯೂ ಒಂದು ಪಠ್ಯವೇ.

ಈ ಪಠ್ಯದ ಮೊದಲ ಪುಟಗಳು ವಸಾಹತು ಕಾಲದವು. 1862ರಲ್ಲಿ ಉತ್ತರ ಕನ್ನಡ ಮದರಾಸು ಬಿಟ್ಟು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. ಸಾಗುವಾನಿಯ ಮೇಲೆ ಕಣ್ಣಿಟ್ಟ ಸರ್ಕಾರ ಕುಮರಿ ಬೇಸಾಯಕ್ಕೆ ಕಡಿವಾಣ ಹಾಕಿತು. ಹೊಟ್ಟೆಪಾಡಿಗೆ ಮರ ಕಡಿದರೆ ಅಪರಾಧ, ಅದೇ ಕೈ ಸರ್ಕಾರಕ್ಕಾಗಿ ಕಡಿದರೆ ಕೂಲಿ! 1883ರಲ್ಲಿ ಬಂದ ಬೊಂಬಾಯಿ ಗೆಜೆಟಿಯರಿನ ಕೆನರಾ ಸಂಪುಟ ತೆಗೆದು ನೋಡಿ. ಅಲ್ಲಿ ಕಾಡು ಬರುವುದು ಆದಾಯದ ಲೆಕ್ಕವಾಗಿ, ಜನ ಬರುವುದು ಜಾತಿಗಳ ಪಟ್ಟಿಯಾಗಿ. ಮುಂದೆ ಅಳ್ನಾವರದಿಂದ ದಾಂಡೇಲಿಗೆ ರೈಲು ಹಳಿ ಬಿತ್ತು. ಅದು ಬಿದ್ದದ್ದು ಕಾಡಿನ ನಾಟಾ ಹೊರಕ್ಕೆ ಸಾಗಲಿ ಅಂತ. ಅಂದರೆ ಕಾರ್ಖಾನೆಗೆ ಮೊದಲೇ ಅದರ ದಾರಿ ತಯಾರಾಗಿತ್ತು. ಒಂದು ಊರು ಎಲ್ಲಿ ಬೆಳೆಯಬೇಕು, ಯಾರಿಗಾಗಿ ಬೆಳೆಯಬೇಕು ಅನ್ನೋದನ್ನ ಹಳಿಯ ದಿಕ್ಕು ಬಹಳಷ್ಟು ಮಟ್ಟಿಗೆ ಆಗಲೇ ತೀರ್ಮಾನಿಸಿತ್ತು.

ಸ್ವಾತಂತ್ರ್ಯ ಬಂದ ಮೇಲೂ ದಿಕ್ಕು ಬದಲಾಗಲಿಲ್ಲ. ಕಾರ್ಖಾನೆಗೆ ಸುತ್ತಲಿನ ಕಾಡಿನ ಬಿದಿರನ್ನು ರಿಯಾಯಿತಿ ದರದಲ್ಲಿ ಕೊಡಲಾಯಿತು. ಬಿದಿರು ಸಿಗದೆ ಕಂಗಾಲಾದ ಬುಟ್ಟಿ ಹೆಣೆಯುವವರು 1970ರ ದಶಕದ ನಡುವೆ ಸರ್ಕಾರಕ್ಕೆ ದೂರು ಒಯ್ದರು. ಆಗ ವಿಜ್ಞಾನಿ ಮಾಧವ ಗಾಡ್ಗೀಳ್ ಈ ಕಾಡುಗಳ ಅಧ್ಯಯನಕ್ಕೆ ಇಳಿದರು. ಕಾರ್ಖಾನೆಗೆ ಟನ್ ಬಿದಿರು ಒಂದೂವರೆ ರೂಪಾಯಿಗೆ ಸಿಗುತ್ತಿತ್ತು, ಪೇಟೆಯಲ್ಲಿ ಅದರ ಬೆಲೆ ಸಾವಿರ ರೂಪಾಯಿ ದಾಟಿತ್ತು ಅಂತ ಅವರು ಮತ್ತೆ ಮತ್ತೆ ಬರೆದರು. ಮೇದಾರ ಕೊಳ್ಳಬೇಕಾದದ್ದು ಪೇಟೆಯ ಬೆಲೆಗೆ. ಇದನ್ನು ಬರೀ ಪರಿಸರದ ಪ್ರಶ್ನೆ ಅಂತ ಓದಿದರೆ ಅರ್ಧ ಸತ್ಯ ಕೈತಪ್ಪುತ್ತದೆ. ಒಂದು ಸಮುದಾಯದ ಕಸುಬನ್ನು ಸರ್ಕಾರಿ ದರಪಟ್ಟಿಯೇ ಕಿತ್ತುಕೊಂಡ ಕಥೆ ಇದು.

ಆಮೇಲೆ ಬಂದದ್ದು ನದಿಯ ಸರದಿ. ಗಣೇಶಗುಡಿಯ ಬಳಿ ಕಾಳಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು 1980ರ ದಶಕದಲ್ಲಿ ಪೂರ್ಣಗೊಂಡಿತು. ಹಳೇ ಸೂಪಾ ಪೇಟೆ ನೀರಿನಡಿ ಹೋಯಿತು, ತಾಲೂಕು ಕಚೇರಿ ಜೋಯಿಡಾಕ್ಕೆ ಬಂತು, ಮುಳುಗಡೆಯ ಅನೇಕ ಕುಟುಂಬಗಳು ರಾಮನಗರಕ್ಕೆ ಹೋದವು. ವಿದ್ಯುತ್ ನಿಗಮದ ನೌಕರರಿಗೆ ಅಂಬಿಕಾನಗರ, ಗಣೇಶಗುಡಿಗಳಲ್ಲಿ ಕಾಲೊನಿ ಕಟ್ಟಿದರು. ದಾಂಡೇಲಿ ಕಾರ್ಖಾನೆಯ ಕಾಲೊನಿಗೆ ಬಂಗೂರ್ ನಗರ ಎಂದು ಮಾಲೀಕರ ಮನೆತನದ ಹೆಸರೇ ಇದೆ. ಕಾಯಂ ನೌಕರನಿಗೆ ನಕ್ಷೆಯಲ್ಲಿ ಮನೆ ಇರುತ್ತದೆ. ಗುತ್ತಿಗೆ ಕೂಲಿಗೆ, ಚರಂಡಿ ಬಳಿಯುವವರಿಗೆ ನಕ್ಷೆಯಲ್ಲಿ ಜಾಗ ಯಾವುದು?

ಇಲ್ಲಿ ಒಂದು ಎಚ್ಚರ ಬೇಕು. ಮುಳುಗಿದ ಹಳ್ಳಿಗಾಗಿ ಕಣ್ಣೀರು ಹಾಕುವ ಭಾವುಕತೆ ನಮ್ಮದಾಗಲಾರದು. ಹಳ್ಳಿಯಲ್ಲಿ ಕೇರಿಯೂ ಇತ್ತು. ಹಳ್ಳಿಯ ಬಗ್ಗೆ ಯಾವ ಭ್ರಮೆಯನ್ನೂ ಇಟ್ಟುಕೊಳ್ಳದ ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದಾಗ, ನೀರಾವರಿ ಮತ್ತು ವಿದ್ಯುತ್ ನೀತಿಯನ್ನು ರೂಪಿಸಿದವರಲ್ಲಿ ಪ್ರಮುಖರು. ದಾಮೋದರ ಕಣಿವೆ ಯೋಜನೆಯ ಹಿಂದೆ ಅವರ ದುಡಿಮೆ ಇದೆ. ಅಗ್ಗದ ವಿದ್ಯುತ್ತು, ಕೈಗಾರಿಕೆ ಇವು ಬಡವನನ್ನು ಜಮೀನ್ದಾರನ ಹಂಗಿನಿಂದ ಬಿಡಿಸಬಲ್ಲವು ಅನ್ನೋದು ಅವರ ನಂಬಿಕೆ. ಹಾಗಾಗಿ ನಮ್ಮ ತಕರಾರು ಕಾರ್ಖಾನೆ ಯಾಕೆ ಬಂತು ಅನ್ನುವುದಲ್ಲ. ಬಂದದ್ದರಲ್ಲಿ ನಮ್ಮ ಪಾಲೆಷ್ಟು, ನಮ್ಮ ಮಾತೆಷ್ಟು ಅನ್ನುವುದು.

ಜನರನ್ನು ಮುಂದಿಟ್ಟುಕೊಂಡು ಯೋಜನೆ ಮಾಡೋದು ಆಗದ ಕೆಲಸ ಅನ್ನುವವರು ಇದೇ ಜಿಲ್ಲೆಯ ಮುಂಡಗೋಡಕ್ಕೆ ಹೋಗಿ ಬರಲಿ. 1966ರಲ್ಲಿ ಅಲ್ಲಿ ಟಿಬೆಟನ್ ನಿರಾಶ್ರಿತರಿಗಾಗಿ ಸುಮಾರು 4,000 ಎಕರೆ ಭೂಮಿ ಕೊಟ್ಟು ನೆಲೆ ಮಾಡಲಾಯಿತು. ಜನ ಮೊದಲು, ಅವರಿಗೆ ಬೇಕಾದ ಹೊಲ, ಮನೆ, ಶಾಲೆ ಆಮೇಲೆ ಅನ್ನುವ ಕ್ರಮ ಅಲ್ಲಿತ್ತು. ದೇಶ ಕಳೆದುಕೊಂಡವರಿಗೆ ಅದು ಸಿಕ್ಕಿದ್ದು ನ್ಯಾಯವೇ. ಅವರ ಮೇಲೆ ಹೊಟ್ಟೆಕಿಚ್ಚು ಪಡಬೇಕಾದ್ದಿಲ್ಲ. ಆದ್ರೆ ಆ ಕ್ರಮ ಕಾಳಿ ಕಣಿವೆಯ ಮಕ್ಕಳಿಗೆ ಯಾಕೆ ನೆನಪಾಗಲಿಲ್ಲ?

ಈ ಮರೆವು ಸಣ್ಣಪುಟ್ಟದ್ದರಲ್ಲೂ ಕಾಣುತ್ತದೆ. ದಾಂಡೇಲಿಯ ರೈಲಿನಲ್ಲಿ ಪ್ರಯಾಣಿಕರ ಓಡಾಟ 1990ರ ದಶಕದಲ್ಲಿ ನಿಂತುಹೋಯಿತು; ಅಂಬೇವಾಡಿಯಿಂದ ಮತ್ತೆ ಪ್ರಯಾಣಿಕರ ಗಾಡಿ ಹೊರಟದ್ದು 2019ರ ನವೆಂಬರಿನಲ್ಲಿ. 2011ರ ಜನಗಣತಿಯಲ್ಲಿ ಸುಮಾರು 52 ಸಾವಿರ ಜನರಿದ್ದ ಊರು ತಾಲೂಕಾದದ್ದು 2018ರಲ್ಲಿ. ಅಲ್ಲಿಯತನಕ ಜಾತಿ ಪ್ರಮಾಣಪತ್ರಕ್ಕೂ ಪಹಣಿಗೂ ಹಳಿಯಾಳದ ತಹಶೀಲ್ದಾರರ ಬಾಗಿಲಿಗೇ ಹೋಗಬೇಕಿತ್ತು. ಕಾಗದ ಮಾಡುವ ಊರಿನವರಿಗೆ ಕಾಗದಪತ್ರ ಸಿಗುವುದು ಬೇರೆ ಊರಿನಲ್ಲಿ!

ಈ ಕಾಗದಪತ್ರದ ಮಾತು ಹುಡುಗಾಟದ್ದಲ್ಲ. 2003ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅದೇ ಕಾಯಿದೆಯಿಂದ ಗೋವಾದ ಕುಣಬಿಗಳೂ ಸೇರಿದರು. ಗಡಿಯ ಈಚೆಗಿನ ಜೋಯಿಡಾದ ಕುಣಬಿಗಳು ಸೇರಲಿಲ್ಲ. ಪರಿಣಾಮ ಏನು? 2006ರ ಅರಣ್ಯ ಹಕ್ಕು ಕಾಯಿದೆಯಡಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಸಾಗುವಳಿಯಲ್ಲಿದ್ದರೆ ಸಾಕು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿ ವಾಸ ಇದ್ದದ್ದನ್ನು ರುಜುವಾತು ಮಾಡಬೇಕು. ಕುಮರಿ ಕಡಿದ ಅಜ್ಜನಿಗೆ ಯಾರು ರಸೀದಿ ಕೊಟ್ಟಿದ್ದರು? ಈ ನಡುವೆ 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು, 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ನಾಟಾ, ಬಿದಿರು, ನೀರು, ವಿದ್ಯುತ್ತು ಆದ ಮೇಲೆ ಹುಲಿಗೂ ಒಂದು ಯೋಜನೆ ಬಂತು. ಕಾಡಿನ ಮನುಷ್ಯ ಮಾತ್ರ ಇನ್ನೂ ಪುರಾವೆ ಹುಡುಕುತ್ತಿದ್ದಾನೆ.

ಬರೆಯುವ ಗೆಳೆಯರಿಗೆ, ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೆ. ಆತ್ಮಕಥೆ, ಕಾವ್ಯಗಳ ವಿಮರ್ಶೆ ನಡೆಯಲಿ. ಅದರ ಜತೆಗೆ ಗೆಜೆಟಿಯರು, ಬಿದಿರಿನ ಕರಾರು, ಮುಳುಗಡೆಯ ಪಟ್ಟಿ, ಕಾಲೊನಿಯ ನಕ್ಷೆಗಳನ್ನೂ ಮುಂದಿಟ್ಟುಕೊಂಡು ಕೂರೋಣ. ಹಾಡಿಗಳ, ಕೇರಿಗಳ ಹಿರಿಯರ ಬಾಯಿಂದ ಊರಿನ ನೆನಪುಗಳನ್ನು ಬರೆದುಕೊಳ್ಳೋಣ. ಹಕ್ಕಿನ ಅರ್ಜಿಯ ಜೊತೆ ಲಗತ್ತಿಸಲು ನಾಳೆ ಅದೇ ಪುರಾವೆಯಾಗಬಹುದು. ಅಲ್ಲಿಯತನಕ ನಮ್ಮ ಚರಿತ್ರೆಯನ್ನು ಕಾರ್ಖಾನೆಯ ಗೇಟಿನಿಂದಲೇ ಆರಂಭಿಸುವ ರೂಢಿಯನ್ನಾದರೂ ಬಿಡೋಣ.